ವೆಬ್‌ಸೈಟ್ ಮಾಡಿಕೊಟ್ಟವರು ಫೋನ್ ಎತ್ತುವುದಿಲ್ಲವೇ? ಮೊದಲು ಹೆಸರನ್ನು ಕೈಗೆ ತಗೊಳ್ಳಿ

2024ರ ಜನವರಿ, ಉಡುಪಿಯಲ್ಲಿ ಪರ್ಯಾಯದ ಗೌಜಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಈ ಹಬ್ಬದ ಹೊತ್ತಿಗೆ ಊರಲ್ಲಿ ಒಂದು ರೂಮು ಸಿಗಬೇಕಾದರೆ ಪುಣ್ಯ ಮಾಡಿರಬೇಕು. ನಾನೂ ಭಾವನೂ ಸೇರಿ ಮಲ್ಪೆ ಹತ್ತಿರ ನಡೆಸುವ ಆರು ಕೋಣೆಯ ಹೋಂಸ್ಟೇಗೆ ಮಾತ್ರ ವೆಬ್‌ಸೈಟಿನಿಂದ ಒಂದೇ ಒಂದು ವಿಚಾರಣೆ ಇಲ್ಲ. ಕಾರಣ ಗೊತ್ತಾದದ್ದು ಹಬ್ಬ ಮುಗಿದ ಮೇಲೆ. ಸೈಟಿನ ಫಾರ್ಮ್ ತುಂಬಿದವರ ಸಂದೇಶವೆಲ್ಲ ಮಂಗಳೂರಿನ ವೆಬ್ ಕಂಪನಿಯ ಮೇಲ್‌ಗೆ ಹೋಗುತ್ತಿತ್ತು, ಅದನ್ನು ತೆರೆದು ನೋಡುವವರು ಅಲ್ಲಿ ಯಾರೂ ಉಳಿದಿರಲಿಲ್ಲ. ಫೋನ್ ಸ್ವಿಚ್ ಆಫ್, ಮೇಲ್‌ಗೆ ಉತ್ತರವಿಲ್ಲ. ಬಸ್ಸು ಹತ್ತಿ ಬಿಜೈಯ ಅವರ ಆಫೀಸಿಗೆ ಹೋದರೆ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿ. ಪಕ್ಕದವರು ಹೇಳಿದ್ದು ಇಷ್ಟೇ: "ಅವರು ಹೋಗಿ ವರ್ಷ ಆಯ್ತು ಮಾರ್ರೆ."

ಸೈಟನ್ನು ಪೂರ್ತಿ ನಮ್ಮ ಕೈಗೆ ತರಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಪರಿಚಯದ ಮೂರ್ನಾಲ್ಕು ಮಂದಿಗೂ ಇದೇ ಕೆಲಸ ಮಾಡಿಕೊಟ್ಟಿದ್ದೇನೆ. ಎಲ್ಲರೂ ಮಾಡುವ ತಪ್ಪು ಒಂದೇ: ಕೆಲಸವನ್ನು ಹಿಂದುಮುಂದಾಗಿ ಶುರುಮಾಡುವುದು. ಮೊದಲೇ ವಕೀಲರ ನೋಟಿಸು, ಆಮೇಲೆ ಬೈಗುಳ, ಕೊನೆಗೆ "ಹೌದಾ, ಡೊಮೇನ್ ಅಂದರೆ ಎಂತ?" ಎಂಬ ಪ್ರಶ್ನೆ.

ಒಂದು ಸೈಟಿಗೆ ಎಷ್ಟು ಬೀಗ

ವೆಬ್‌ಸೈಟ್ ಎನ್ನುವುದು ಒಂದೇ ವಸ್ತುವಲ್ಲ. ಕರಾವಳಿಯ ಹಳಬರಿಗೆ ಮೂಲಗೇಣಿ, ಚಾಲಗೇಣಿ ಎಂದರೆ ಬೇಗ ಅರ್ಥವಾದೀತು. ಡೊಮೇನ್, ಅಂದರೆ ನಿಮ್ಮ ಸೈಟಿನ ಹೆಸರು, ಮೂಲಗೇಣಿ ಇದ್ದ ಹಾಗೆ. ಅದು ಯಾರಿಗೂ ಸ್ವಂತವಲ್ಲ, ಆದರೆ ಗೇಣಿ ಕಟ್ಟುತ್ತಾ ಇದ್ದರೆ ನಿಮ್ಮನ್ನು ಎಬ್ಬಿಸುವವರಿಲ್ಲ. ಹೋಸ್ಟಿಂಗ್, ಅಂದರೆ ಸೈಟಿನ ಫೈಲುಗಳು ಕೂತಿರುವ ಕಂಪ್ಯೂಟರಿನ ಜಾಗ, ಚಾಲಗೇಣಿ. ಇವತ್ತು ಇಲ್ಲಿ, ನಾಳೆ ಬೇರೆ ಕಡೆ. ಸೈಟಿನ ಬರಹ, ಫೋಟೋ, ಪ್ರೋಗ್ರಾಮು ಆ ಜಾಗದೊಳಗಿನ ಪಾತ್ರೆ ಪಗಡಿ. ನಡುವೆ ಡಿಎನ್ಎಸ್ ಎಂಬ ಕೈಮರ ಇದೆ, "ಈ ಹೆಸರಿನವರ ಸೈಟು ಅಲ್ಲಿ, ಮೇಲ್ ಇಲ್ಲಿ" ಎಂದು ದಾರಿ ತೋರಿಸುವುದು ಅದರ ಕೆಲಸ. ಮೇಲ್ ಪೆಟ್ಟಿಗೆ ಬೇರೆಯೇ.

ಹೋಸ್ಟಿಂಗ್ ಹೋದರೆ ಹೊಸತು ಕೊಳ್ಳಬಹುದು. ಸೈಟು ಹೋದರೆ ಇನ್ನೊಮ್ಮೆ ಕಟ್ಟಬಹುದು. ಹೆಸರು ಹೋದರೆ ವಿಸಿಟಿಂಗ್ ಕಾರ್ಡು, ಬೋರ್ಡು, ಗೂಗಲ್‌ನಲ್ಲಿ ಹತ್ತು ವರ್ಷ ಗಳಿಸಿದ ಜಾಗ ಎಲ್ಲವೂ ಅದರೊಟ್ಟಿಗೇ ಹೋಯಿತು. ಹಾಗಾಗಿ ಹೆಸರು ಕೈಗೆ ಬರುವ ತನಕ ಉಳಿದ ಯಾವ ಜಗಳವೂ ಬೇಡ.

ಹಂತ 1: ಸದ್ದಿಲ್ಲದೆ ನಕಲು ಮಾಡಿಟ್ಟುಕೊಳ್ಳಿ

ಕಂಪನಿಗೆ ಗಟ್ಟಿಯಾದ ಪತ್ರ ಬರೆಯುವ ಮೊದಲೇ ಇದು ಆಗಬೇಕು. ಸೈಟು ಈಗ ತೆರೆಯುತ್ತಿದೆ ಎಂದರೆ ಅದು ನಾಳೆಯೂ ತೆರೆಯುತ್ತದೆ ಎಂದಲ್ಲ. ಅವರು ಸರ್ವರ್ ಬಿಲ್ ಕಟ್ಟುವುದನ್ನು ನಿಲ್ಲಿಸಿದ ದಿನ ಎಲ್ಲವೂ ಮಾಯ.

ಸೈಟು ವರ್ಡ್‌ಪ್ರೆಸ್ ಎಂಬ ಸೈಟು ಕಟ್ಟುವ ತಂತ್ರಾಂಶದ್ದಾಗಿದ್ದು ನಿಮ್ಮಲ್ಲಿ ಅಡ್ಮಿನ್ ಲಾಗಿನ್ ಇದ್ದರೆ ಅರ್ಧ ಗೆದ್ದಂತೆ. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಬ್ಯಾಕಪ್ ಪ್ಲಗಿನ್ ಹಾಕಿ ಫೈಲು, ಡೇಟಾಬೇಸ್ ಎರಡನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಟೂಲ್ಸ್ ಮೆನುವಿನ ಎಕ್ಸ್‌ಪೋರ್ಟ್ ಒತ್ತಿ ಸುಮ್ಮನಾಗಬೇಡಿ, ಅದರಲ್ಲಿ ಬರಹ ಬರುತ್ತದೆಯೇ ಹೊರತು ಫೋಟೋ ಫೈಲುಗಳು ಬರುವುದಿಲ್ಲ. ಸಿಪ್ಯಾನೆಲ್, ಅಂದರೆ ಹೋಸ್ಟಿಂಗ್ ನಿಭಾಯಿಸುವ ಪುಟದ ಲಾಗಿನ್ ಇದ್ದರೆ ಅಲ್ಲಿನ ಬ್ಯಾಕಪ್ ವಿಭಾಗದಿಂದ ಪೂರ್ತಿ ಪ್ರತಿ ತೆಗೆಯಬಹುದು.

ಯಾವ ಲಾಗಿನ್ನೂ ಇಲ್ಲದವರು ಎಚ್‌ಟಿಟ್ರ್ಯಾಕ್ ಎಂಬ ಉಚಿತ ಸಾಫ್ಟ್‌ವೇರಿನಿಂದ ಹೊರಗೆ ಕಾಣುವ ಪುಟಗಳನ್ನೆಲ್ಲ ಎಳೆದುಕೊಳ್ಳಿ. ಸೈಟು ಆಗಲೇ ಮುಚ್ಚಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. 1996ರಿಂದ ಜಗತ್ತಿನ ಸೈಟುಗಳ ಪ್ರತಿಗಳನ್ನು ಅವರು ಕೂಡಿಡುತ್ತಿದ್ದಾರೆ. ನಮ್ಮ ಹಳೆಯ "ನಮ್ಮ ಬಗ್ಗೆ" ಪುಟ, ತೀರಿಹೋದ ಅತ್ತೆ ಬರೆಸಿದ್ದ ನಾಲ್ಕು ಸಾಲು, ನನಗೆ ಸಿಕ್ಕಿದ್ದು ಅಲ್ಲೇ.

ಮೇಲ್ ಕೂಡ ಅವರ ಸರ್ವರಿನಲ್ಲೇ ಇದ್ದರೆ ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರಿನಲ್ಲಿ ಖಾತೆ ಸೇರಿಸಿ ಎಲ್ಲವನ್ನೂ ಇಳಿಸಿ. ಇಲ್ಲಿ ಹಲವರು ಎಡವುತ್ತಾರೆ. ಐಮ್ಯಾಪ್ ವಿಧಾನದಲ್ಲಿ ನಿಮಗೆ ಕಾಣುವುದು ಸರ್ವರಿನ ನೆರಳು ಮಾತ್ರ. ಅಲ್ಲಿ ಅಳಿಸಿಹೋದರೆ ಇಲ್ಲೂ ಹೋದೀತು. ಆದ್ದರಿಂದ ಮೇಲ್‌ಗಳನ್ನು "ಲೋಕಲ್ ಫೋಲ್ಡರ್ಸ್" ಒಳಗೆ ನಕಲು ಮಾಡಬೇಕು.

ಹಂತ 2: ಹೆಸರು ಯಾರ ಹೆಸರಿನಲ್ಲಿದೆ?

ಜಾಗ ಕೊಳ್ಳುವ ಮೊದಲು ಆರ್‌ಟಿಸಿ ತೆಗೆಸುವುದಿಲ್ಲವೇ, ಇದೂ ಹಾಗೆಯೇ. ಡಾಟ್ ಕಾಮ್, ಡಾಟ್ ಆರ್ಗ್ ಹೆಸರುಗಳಿಗೆ ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್ ಎಂಬಲ್ಲಿ ಹುಡುಕಿ. ಐಕ್ಯಾನ್ ಎಂದರೆ ಜಗತ್ತಿನ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆ. ಡಾಟ್ ಇನ್ ಹೆಸರುಗಳ ಪಟ್ಟಿ ನಿಕ್ಸಿ ಎಂಬ ನಮ್ಮ ದೇಶದ ಸಂಸ್ಥೆಯ ಕೈಯಲ್ಲಿದೆ, ಅದನ್ನು ರಿಜಿಸ್ಟ್ರಿ ಡಾಟ್ ಇನ್ ತಾಣದಲ್ಲಿ ನೋಡಬಹುದು. ಪುಟ ತೆರೆದಾಗ ನಾಲ್ಕು ವಿಷಯ ಬರೆದುಕೊಳ್ಳಿ: ರಿಜಿಸ್ಟ್ರಾರ್ (ಹೆಸರನ್ನು ನೋಂದಾಯಿಸಿಕೊಡುವ ಕಂಪನಿ) ಯಾರು, ಅವಧಿ ಮುಗಿಯುವ ದಿನಾಂಕ ಯಾವುದು, ನೇಮ್‌ಸರ್ವರ್ (ಡಿಎನ್ಎಸ್ ದಾಖಲೆಗಳು ಕೂತಿರುವ ಸರ್ವರ್) ಯಾವುದು, ಸ್ಟೇಟಸ್ ಏನು.

ಸ್ಟೇಟಸ್ ಎದುರು "ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್" ಎಂದಿದ್ದರೆ ಹೆದರಬೇಡಿ, ಅದು ಕಳ್ಳರಿಂದ ಕಾಪಾಡಲು ಎಲ್ಲರೂ ಹಾಕುವ ಬೀಗ. "ಕ್ಲೈಂಟ್ ಹೋಲ್ಡ್" ಎಂದಿದ್ದರೆ ರಿಜಿಸ್ಟ್ರಾರ್ ಹೆಸರನ್ನು ತಡೆಹಿಡಿದಿದ್ದಾರೆ ಎಂದರ್ಥ. "ರಿಡೆಂಪ್ಶನ್ ಪೀರಿಯಡ್" ಎಂದು ಕಂಡರೆ ಈ ಬರಹ ಓದುವುದನ್ನು ಇಲ್ಲಿಗೇ ಬಿಟ್ಟು ರಿಜಿಸ್ಟ್ರಾರ್‌ಗೆ ಫೋನ್ ಮಾಡಿ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಮಾಮೂಲಿ ಶುಲ್ಕದಲ್ಲಿ ನವೀಕರಿಸಲು ಹೆಚ್ಚೆಂದರೆ 45 ದಿನ ಸಿಗಬಹುದು, ಅಷ್ಟೂ ದಿನ ಕೊಡಲೇಬೇಕೆಂದಿಲ್ಲ. ಆಮೇಲಿನ 30 ದಿನ ಈ ರಿಡೆಂಪ್ಶನ್, ಅಂದರೆ ದಂಡದ ಕಾಲ, ಶುಲ್ಕ ಹಲವು ಪಟ್ಟು. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆರನೆಯ ದಿನ ಹೆಸರು ಬೀದಿಗೆ ಬಿದ್ದ ಹಾಗೆ, ಮೊದಲು ಹೆಕ್ಕಿದವರಿಗೆ.

ಮಾಲೀಕರ ಹೆಸರಿನ ಜಾಗದಲ್ಲಿ ಬಹುಶಃ ಗೌಪ್ಯ ಎಂದಿರುತ್ತದೆ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಜಗತ್ತಿನೆಲ್ಲೆಡೆ ಹೀಗೆ ಮುಚ್ಚಿಡುತ್ತಾರೆ. ಅದಕ್ಕೆ ನನ್ನ ಕೈಹಿಡಿದ ಎರಡು ಉಪಾಯಗಳಿವೆ. ಮೊದಲನೆಯದು, ಮಾಲೀಕರನ್ನು ಸಂಪರ್ಕಿಸಲು ಆ ಪುಟದಲ್ಲೇ ಒಂದು ಫಾರ್ಮ್ ಅಥವಾ ಮುಖವಾಡದ ಮೇಲ್ ವಿಳಾಸ ಇರುತ್ತದೆ. ಅದಕ್ಕೆ "ಪರೀಕ್ಷೆ" ಎಂದು ಬರೆದು ಕಳಿಸಿ, ನಿಮ್ಮ ಎಲ್ಲ ಮೇಲ್ ಪೆಟ್ಟಿಗೆಗಳನ್ನೂ ಸ್ಪ್ಯಾಮ್ ಸಮೇತ ನೋಡಿ. ನಿಮ್ಮಲ್ಲಿಗೇ ಬಂದು ಬಿದ್ದರೆ ದಾಖಲೆಯಲ್ಲಿರುವ ವಿಳಾಸ ನಿಮ್ಮದೇ! ಎರಡನೆಯದು, ಸೈಟು ಮಾಡಿಸಿದ ವರ್ಷದ ಮೇಲ್‌ಗಳನ್ನು ತಡಕುವುದು. ಹೊಸ ಹೆಸರು ನೋಂದಾಯಿಸಿದಾಗ ಮೇಲ್ ವಿಳಾಸವನ್ನು 15 ದಿನದೊಳಗೆ ದೃಢಪಡಿಸಬೇಕೆಂಬ ನಿಯಮವಿದೆ. ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು ನೆನಪೋಲೆ ಕಳಿಸಬೇಕೆಂಬ ನಿಯಮವೂ ಇದೆ. ಅಂಥದ್ದೊಂದು ನಿಮಗೆ ಬಂದಿದ್ದರೆ ಅದೇ ಸಾಕ್ಷಿ.

ಹಂತ 3: ಕಂಪನಿಯನ್ನು ಹುಡುಕಿ, ಒಂದು ಅವಕಾಶ ಕೊಡಿ

ನಾಪತ್ತೆ ಎಂದು ತೀರ್ಮಾನಿಸುವ ಮೊದಲು ನಿಮ್ಮ ಹಳೆಯ ಬಿಲ್ ತೆಗೆಯಿರಿ. ಅದರಲ್ಲಿ 29ರಿಂದ ಶುರುವಾಗುವ ಜಿಎಸ್‌ಟಿ ಸಂಖ್ಯೆ ಇದ್ದರೆ ಅದು ಕರ್ನಾಟಕದ್ದು. ಜಿಎಸ್‌ಟಿ ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರದ ವಿಳಾಸ ಸಿಗುತ್ತದೆ, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದೂ ತಿಳಿಯುತ್ತದೆ. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲಿನಲ್ಲಿ ನೋಂದಾಯಿತ ವಿಳಾಸ ಕಾಣಬಹುದು. ನಮ್ಮ ಊರಿನಲ್ಲಿ ಇನ್ನೊಂದು ದಾರಿ ಉಂಟು. ನಿಮ್ಮ ಸೈಟಿನ ಕೆಲಸ ನಿಜಕ್ಕೂ ಮಾಡಿದ ಹುಡುಗ ಈಗ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಬೇರೆ ಕೆಲಸದಲ್ಲಿರುತ್ತಾನೆ, ಯಾರದೋ ವಾಟ್ಸ್ಆ್ಯಪಿನಲ್ಲಿ ಅವನ ನಂಬರ್ ಇದ್ದೇ ಇರುತ್ತದೆ. ಒಳ್ಳೆಯ ಮಾತಿನಲ್ಲಿ ಕೇಳಿದರೆ ಯಾವ ರಿಜಿಸ್ಟ್ರಾರ್, ಯಾವ ಹೋಸ್ಟಿಂಗ್ ಎಂಬಷ್ಟನ್ನಾದರೂ ಹೇಳುತ್ತಾನೆ. ಪಾಸ್‌ವರ್ಡ್ ಕೇಳಬೇಡಿ, ಅವನನ್ನು ಸಿಕ್ಕಿಸಬೇಡಿ.

ನೀವು ಅವರಿಗೆ ಬಾಕಿ ಇಟ್ಟಿದ್ದೀರಾ ಎಂದೂ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಹಣದ ತಕರಾರಿನಿಂದಲೇ ಫೋನ್ ಎತ್ತದವರೂ ಇದ್ದಾರೆ. ಎರಡು ಸಾವಿರದ ಬಾಕಿಗೆ ಹೆಸರೇ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ, ಕಟ್ಟಿ ರಶೀದಿ ತಗೊಳ್ಳಿ.

ಪತ್ರ ಹೀಗಿದ್ದರೆ ಸಾಕು:

"ಮಾನ್ಯರೇ, ನಮ್ಮ ವೆಬ್‌ಸೈಟಿನ ನಿರ್ವಹಣೆಯನ್ನು ನಾವೇ ವಹಿಸಿಕೊಳ್ಳಲು ತೀರ್ಮಾನಿಸಿದ್ದೇವೆ. ಈ ಪತ್ರ ತಲುಪಿದ 10 ದಿನಗಳೊಳಗೆ ದಯವಿಟ್ಟು ಡೊಮೇನನ್ನು ಅದೇ ರಿಜಿಸ್ಟ್ರಾರ್‌ನಲ್ಲಿರುವ ನಮ್ಮ ಖಾತೆಗೆ ವರ್ಗಾಯಿಸಿ ಅಥವಾ ಬೀಗ ತೆಗೆದು ವರ್ಗಾವಣೆ ಕೋಡ್ ಕೊಡಿ. ಸೈಟಿನ ಫೈಲುಗಳು, ಡೇಟಾಬೇಸ್, ಡಿಎನ್ಎಸ್ ದಾಖಲೆಗಳ ಪ್ರತಿ ಮತ್ತು ಅಡ್ಮಿನ್ ಲಾಗಿನ್ ಕೂಡ ಬೇಕು. ಬಾಕಿ ಏನಾದರೂ ಇದ್ದರೆ ಬಿಲ್ ಸಹಿತ ತಿಳಿಸಿ, ಪಾವತಿಸುತ್ತೇವೆ."

ಇದನ್ನು ಮೇಲ್, ವಾಟ್ಸ್ಆ್ಯಪ್ ಎರಡರಲ್ಲೂ ಹಾಕಿ, ಕಾಗದದಲ್ಲೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ವಿಲೀನವಾಗಿದೆ. ವಿಳಾಸದಾರರಿಲ್ಲ ಎಂದು ಲಕೋಟೆ ವಾಪಸು ಬಂದರೆ ಒಡೆಯದೆ ಹಾಗೆಯೇ ಇಡಿ, ನಾವು ಕೇಳಿದ್ದೆವು ಎಂಬುದಕ್ಕೆ ಅದೊಂದು ದಾಖಲೆ.

ಪತ್ರದಲ್ಲಿ ಅದೇ ರಿಜಿಸ್ಟ್ರಾರ್‌ನ ಖಾತೆ ಎಂದು ಬರೆದದ್ದು ಬೇಕೆಂದೇ. ಒಂದೇ ರಿಜಿಸ್ಟ್ರಾರ್‌ನೊಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವುದಕ್ಕೆ ಆ ಕ್ಷೇತ್ರದವರು "ಪುಶ್" ಎನ್ನುತ್ತಾರೆ. ಸಾಮಾನ್ಯವಾಗಿ ನಿಮಿಷಗಳ ಕೆಲಸ, ಸೈಟು ನಿಲ್ಲುವುದಿಲ್ಲ. ಸೋಮಾರಿ ಮನುಷ್ಯನಿಂದಲೂ ಮಾಡಿಸಿಕೊಳ್ಳಬಹುದಾದ ಸಹಾಯ ಇದೊಂದೇ. ರಿಜಿಸ್ಟ್ರಾರ್ ಬದಲಿಸುವುದಾದರೆ ಕೋಡ್ ಕೊಟ್ಟ ಮೇಲೂ ಸುಮಾರು 5 ದಿನ ಬೇಕು. ನೋಂದಣಿಯಾಗಿ ಅಥವಾ ಹಿಂದಿನ ವರ್ಗಾವಣೆಯಾಗಿ 60 ದಿನ ಕಳೆಯದಿದ್ದರೆ ಆಗುವುದೇ ಇಲ್ಲ. ಮಾಲೀಕರ ಹೆಸರು, ಮೇಲ್ ವಿಳಾಸ ತಿದ್ದಿದರೂ ಆ 60 ದಿನದ ಬೀಗ ಬೀಳಬಹುದು. ಹಾಗಾಗಿ ಮೊದಲು ಸ್ಥಳಾಂತರ, ಆಮೇಲೆ ತಿದ್ದುಪಡಿ.

ಹಂತ 4: ಉತ್ತರ ಬರದಿದ್ದರೆ ನೇರ ರಿಜಿಸ್ಟ್ರಾರ್ ಬಳಿಗೆ

ಗುಟ್ಟೆಲ್ಲ ಇರುವುದು ಇಲ್ಲಿ. ಊರಿನ ಸಣ್ಣ ವೆಬ್ ಕಂಪನಿಗಳಲ್ಲಿ ಹೆಚ್ಚಿನವು ದೊಡ್ಡ ರಿಜಿಸ್ಟ್ರಾರ್‌ಗಳ ಮರುಮಾರಾಟಗಾರರು ಅಷ್ಟೇ. ಖಾತೆ ಅವರದ್ದಾಗಿದ್ದರೂ ದಾಖಲೆಯಲ್ಲಿ ಮಾಲೀಕ, ಅಂದರೆ ರಿಜಿಸ್ಟ್ರಂಟ್, ನೀವೇ ಆಗಿದ್ದರೆ ಹಕ್ಕು ನಿಮ್ಮದು. ಮಾಲೀಕ ಕೇಳಿದ 5 ದಿನದೊಳಗೆ ವರ್ಗಾವಣೆ ಕೋಡ್ ಕೊಡಬೇಕು ಎಂಬುದು ಐಕ್ಯಾನ್ ನಿಯಮ.

ರಿಜಿಸ್ಟ್ರಾರ್‌ನ ಸಹಾಯವಾಣಿಗೆ ಬರೆಯುವಾಗ ನಿಮ್ಮ ಕಷ್ಟದ ಕಥೆ ಬೇಡ. "ನಾನು ಈ ಡೊಮೇನಿನ ರಿಜಿಸ್ಟ್ರಂಟ್, ನಿಮ್ಮ ಮರುಮಾರಾಟಗಾರರು ಸ್ಪಂದಿಸುತ್ತಿಲ್ಲ, ನನ್ನ ಹೆಸರಿನ ಖಾತೆಗೆ ವರ್ಗಾಯಿಸಿ" ಎಂಬ ಒಂದೇ ಬೇಡಿಕೆ ಇರಲಿ. ಗುರುತಿನ ಚೀಟಿ, ಜಿಎಸ್‌ಟಿ ಪ್ರಮಾಣಪತ್ರ ಅಥವಾ ವ್ಯಾಪಾರ ಪರವಾನಗಿ, ಕಂಪನಿಯ ಬಿಲ್, ಹಣ ಕಟ್ಟಿದ ಬ್ಯಾಂಕ್ ದಾಖಲೆ, ವಾಪಸು ಬಂದ ಲಕೋಟೆಯ ಫೋಟೋ ಲಗತ್ತಿಸಿ. ಮೊದಲ ಉತ್ತರ ಹೆಚ್ಚಾಗಿ "ನಿಮ್ಮ ಸೇವಾದಾರರನ್ನು ಸಂಪರ್ಕಿಸಿ" ಎಂದೇ ಬರುತ್ತದೆ. ಬೇಸರಪಡದೆ ಅದೇ ಟಿಕೆಟಿಗೆ ಮತ್ತೆ ಬರೆಯಿರಿ. ನನಗೆ ನಾಲ್ಕನೆಯ ಉತ್ತರದಲ್ಲಿ ಮನುಷ್ಯರೊಬ್ಬರು ಸಿಕ್ಕಿದರು, ಅಲ್ಲಿಂದ ಒಂಬತ್ತು ದಿನದಲ್ಲಿ ಕೆಲಸ ಮುಗಿಯಿತು. ರಿಜಿಸ್ಟ್ರಾರ್ ನಿಯಮವನ್ನೇ ಪಾಲಿಸದಿದ್ದರೆ ಐಕ್ಯಾನ್‌ಗೆ ದೂರು ಕೊಡಬಹುದು. ಆದರೆ ಡೊಮೇನ್ ಯಾರದ್ದು ಎಂಬ ವ್ಯಾಜ್ಯವನ್ನು ಐಕ್ಯಾನ್ ತೀರ್ಮಾನಿಸುವುದಿಲ್ಲ.

ದಾಖಲೆಯಲ್ಲಿರುವ ಮೇಲ್ ನಿಮ್ಮದೇ, ಖಾತೆಯೂ ನಿಮ್ಮ ಹೆಸರಿನದೇ ಆಗಿದ್ದರೆ ಇಷ್ಟೆಲ್ಲ ಬೇಕಾಗಿಲ್ಲ, "ಪಾಸ್‌ವರ್ಡ್ ಮರೆತಿದೆ" ಒತ್ತಿದರಾಯಿತು. ಆದರೆ ಕಂಪನಿಯ ಖಾತೆಗೆ ಅಡ್ಡದಾರಿಯಿಂದ ನುಗ್ಗಬೇಡಿ. ಅದರೊಳಗೆ ಬೇರೆ ಗಿರಾಕಿಗಳ ಹೆಸರುಗಳೂ ಇರುತ್ತವೆ. ಅನುಮತಿಯಿಲ್ಲದ ಪ್ರವೇಶ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಡಿ ನಿಮ್ಮನ್ನೇ ಆರೋಪಿ ಮಾಡೀತು.

ಮಾಲೀಕರ ಜಾಗದಲ್ಲಿ ಕಂಪನಿಯ ಹೆಸರೇ ಇದ್ದರೆ ದಾರಿ ಕಷ್ಟದ್ದು. ಟ್ರೇಡ್‌ಮಾರ್ಕ್ ಹಕ್ಕು ಇರುವವರು ಡಾಟ್ ಕಾಮ್‌ಗೆ ಯುಡಿಆರ್‌ಪಿ, ಡಾಟ್ ಇನ್‌ಗೆ ನಿಕ್ಸಿಯ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆಗೆ ಹೋಗಬಹುದು. ವೈಪೋ ಎಂಬ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಯುಡಿಆರ್‌ಪಿ ದೂರಿನ ಶುಲ್ಕವೇ 1500 ಡಾಲರ್, ಮೇಲಾಗಿ "ಇದು ಒಪ್ಪಂದದ ಜಗಳ, ಕೋರ್ಟಿಗೆ ಹೋಗಿ" ಎಂದು ತಳ್ಳಿಹಾಕುವುದೂ ಉಂಟು. ಆರು ಕೋಣೆಯ ಹೋಂಸ್ಟೇಗೆ ನಾನಂತೂ ಆ ದಾರಿ ಹೇಳುವುದಿಲ್ಲ. ಹೊಸ ಹೆಸರು ಕೊಂಡು, ಹಳೆಯ ಹೆಸರಿನ ಮುಕ್ತಾಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುವುದು ಅಗ್ಗ.

ಹಂತ 5: ಕೈಮರ ತಿರುಗಿಸುವ ದಿನ

ಹೆಸರು ಕೈಗೆ ಬಂದ ಖುಷಿಯಲ್ಲಿ ಕೂಡಲೇ ನೇಮ್‌ಸರ್ವರ್ ಬದಲಿಸಿದರೆ ಮೇಲ್ ಸತ್ತುಹೋಗುತ್ತದೆ. ನಾನು ಮಾಡಿದ್ದು ಅದನ್ನೇ. ಎರಡು ದಿನ ಒಂದು ಮೇಲೂ ಬರಲಿಲ್ಲ. ಮೊದಲು ಹಳೆಯ ಡಿಎನ್ಎಸ್ ದಾಖಲೆಗಳನ್ನೆಲ್ಲ ಬರೆದುಕೊಳ್ಳಿ. ಸೈಟಿನ ದಾರಿ ತೋರಿಸುವುದು ಎ ದಾಖಲೆ, ಮೇಲ್‌ನದ್ದು ಎಂಎಕ್ಸ್, ನಿಮ್ಮ ಮೇಲ್ ಸ್ಪ್ಯಾಮಿಗೆ ಬೀಳದಂತೆ ಕಾಯುವ ಎಸ್‌ಪಿಎಫ್, ಡಿಕೆಐಎಂ ಇರುವುದು ಟಿಎಕ್ಸ್‌ಟಿ ದಾಖಲೆಗಳಲ್ಲಿ. ಇವನ್ನು ಹೊಸ ಜಾಗದಲ್ಲಿ ಅಕ್ಷರಶಃ ತುಂಬಿ, ಬ್ಯಾಕಪ್ಪನ್ನು ಹೊಸ ಹೋಸ್ಟಿಂಗಿಗೆ ಏರಿಸಿ, ಸೈಟು ಅಲ್ಲಿ ಸರಿಯಾಗಿ ತೆರೆಯುತ್ತದೆಯೇ ನೋಡಿ, ಆಮೇಲಷ್ಟೇ ತಿರುಗಿಸಿ. ಜಗತ್ತಿಗೆಲ್ಲ ಸುದ್ದಿ ಮುಟ್ಟಲು ಒಂದೆರಡು ದಿನ ಹಿಡಿಯಬಹುದು. ಸೈಟು ಸುರಕ್ಷಿತ ಎಂದು ತೋರಿಸುವ ಬೀಗದ ಗುರುತಿನ ಎಸ್ಎಸ್ಎಲ್ ಪ್ರಮಾಣಪತ್ರಕ್ಕೆ ಹಣ ಕೇಳಿದರೆ ಕೊಡಬೇಡಿ, ಲೆಟ್ಸ್ ಎನ್‌ಕ್ರಿಪ್ಟ್ ಉಚಿತ.

ಈ ಕೆಲಸಕ್ಕೆ ಹೊತ್ತೂ ಮುಖ್ಯ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧವಿದ್ದು ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುವಾಗ ನಮಗೂ ಗಿರಾಕಿ ಕಡಿಮೆ. ಆ ಬಿಡುವಿನಲ್ಲಿ ಮುಗಿಸಿಬಿಡುವುದು ಒಳ್ಳೆಯದು.

ಗೂಗಲ್ ವರ್ಕ್‌ಸ್ಪೇಸ್ ಮೇಲ್‌ನ ಅಡ್ಮಿನ್ ಕಂಪನಿಯವರೇ ಆಗಿದ್ದರೆ ಈಗ ಚಿಂತೆಯಿಲ್ಲ. ಡಿಎನ್ಎಸ್‌ನಲ್ಲಿ ಗೂಗಲ್ ಹೇಳಿದ ದಾಖಲೆ ಸೇರಿಸಿ ಡೊಮೇನ್ ನಿಮ್ಮದೆಂದು ತೋರಿಸಿದರೆ ಖಾತೆ ಮರಳಿ ಪಡೆಯುವ ದಾರಿ ಇದೆ. ಗೂಗಲ್ ಹುಡುಕಾಟದಲ್ಲಿ ಸೈಟು ಹೇಗೆ ಕಾಣುತ್ತದೆಂದು ತೋರಿಸುವ ಸರ್ಚ್ ಕನ್ಸೋಲಿಗೂ ಅದೇ ಉಪಾಯ. ಮ್ಯಾಪಿನಲ್ಲಿ ಕಾಣುವ ನಿಮ್ಮ ಬಿಸಿನೆಸ್ ಪ್ರೊಫೈಲಿಗೆ ಮಾತ್ರ ಬೇರೆಯಾಗಿ ಮಾಲೀಕತ್ವ ಕೋರಬೇಕು.

ಹಂತ 6: ಹಳೆಯ ಬೀಗದ ಕೈಗಳನ್ನು ಕೆಡಿಸಿ

ವರ್ಡ್‌ಪ್ರೆಸ್‌ನ ಬಳಕೆದಾರರ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ ಅಡ್ಮಿನ್‌ಗಳನ್ನು ತೆಗೆಯಿರಿ. ಅವರ ಬರಹಗಳನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಆಯ್ಕೆ ಅಲ್ಲೇ ಬರುತ್ತದೆ. ಎಫ್‌ಟಿಪಿ (ಸರ್ವರಿಗೆ ಫೈಲು ಏರಿಸುವ ದಾರಿ), ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿ. ಫಾರ್ಮಿನ ಸಂದೇಶ ಯಾವ ಮೇಲ್‌ಗೆ ಹೋಗುತ್ತಿದೆ ಎಂದು ನೀವೇ ಒಂದು ತುಂಬಿ ನೋಡಿ, ನಮ್ಮ ಪರ್ಯಾಯ ಕೆಟ್ಟದ್ದು ಇದರಿಂದಲೇ. ಆನ್‌ಲೈನ್ ಪಾವತಿ ಇದ್ದರೆ ಹಣ ಯಾರ ಬ್ಯಾಂಕ್ ಖಾತೆಗೆ ಸೇರುತ್ತಿದೆ ಎಂದು ಒಂದು ರೂಪಾಯಿ ಹಾಕಿ ಪರೀಕ್ಷಿಸಿ, ಗೇಟ್‌ವೇಯ ಕೀಲಿಗಳನ್ನು ಹೊಸದಾಗಿ ಪಡೆಯಿರಿ.

ಕಾನೂನಿನ ಮಾತು

ದುಡ್ಡು ಕೊಟ್ಟು ಮಾಡಿಸಿದ ಸೈಟಿನ ಪ್ರೋಗ್ರಾಮು ನಮ್ಮದೇ ಎಂದುಕೊಂಡಿರುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕು ಸಾಮಾನ್ಯವಾಗಿ ಬರೆದವರದ್ದು. ಸಂಬಳದ ನೌಕರ ಬರೆದರೆ ಅದು ಮಾಲೀಕನದಾಗುತ್ತದೆ, ಹೊರಗಿನ ಕಂಪನಿ ಬರೆದರೆ ಹಾಗಲ್ಲ. ಹಕ್ಕನ್ನು ಬಿಟ್ಟುಕೊಡುವುದು 19ನೇ ಸೆಕ್ಷನ್ ಪ್ರಕಾರ ಬರಹದಲ್ಲೇ ಆಗಬೇಕು. ನೀವು ತೆಗೆದು ಕೊಟ್ಟ ಫೋಟೋ, ಬರೆದು ಕೊಟ್ಟ ಮಾತು ನಿಮ್ಮವೇ. ಅವರೇ ಬರೆದ ವಿಶೇಷ ಪ್ರೋಗ್ರಾಮು ಇದ್ದರೆ ಒಪ್ಪಂದ ತೆಗೆದು ಓದಿ. ಒಪ್ಪಂದವೇ ಇಲ್ಲದಿದ್ದರೆ ಹೊಸ ವಿನ್ಯಾಸ ಮಾಡಿಸುವುದು ತಲೆನೋವಿಲ್ಲದ ಕೆಲಸ.

ಗ್ರಾಹಕ ವೇದಿಕೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಸೇವೆಯನ್ನು ಹೊರಗಿಡುತ್ತದೆ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ವಿನಾಯಿತಿ ಇದೆ. ಮನೆಯವರೇ ನಡೆಸುವ ಸಣ್ಣ ವ್ಯಾಪಾರವಾದರೆ ವಾದಿಸಲು ಜಾಗ ಉಂಟು. ಮಂಗಳೂರು, ಉಡುಪಿ ಎರಡರಲ್ಲೂ ಜಿಲ್ಲಾ ಆಯೋಗವಿದೆ. ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ. ಫೋನ್ ಎತ್ತುವುದಿಲ್ಲ ಎಂಬ ದೂರಿಗೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಯಲ್ಲಿ ಹೆಚ್ಚಾಗಿ "ಇದು ಸಿವಿಲ್" ಎನ್ನುತ್ತಾರೆ. ಅವರು ಬೇಕೆಂದೇ ಸೈಟು ಅಳಿಸಿದರೆ, ಹಣವನ್ನು ತಮ್ಮ ಖಾತೆಗೆ ತಿರುಗಿಸಿದರೆ ಮಾತು ಬೇರೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನು ನವೀಕರಣ. "ಆಟೋ ರಿನ್ಯೂ ಹಾಕಿದ್ದೇನೆ" ಎಂದು ನೆಮ್ಮದಿಯಿಂದ ಮಲಗಬೇಡಿ. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಯಾದ ಮೇಲೆ ಕಾರ್ಡಿನಿಂದ ತನ್ನಷ್ಟಕ್ಕೆ ಹಣ ಕಡಿತವಾಗಲು ನೀವು ಮೊದಲೇ ಒಪ್ಪಿಗೆ ನೋಂದಾಯಿಸಿರಬೇಕು. ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ಇದು ಸದ್ದಿಲ್ಲದೆ ವಿಫಲವಾಗಬಹುದು. ಡಾಟ್ ಕಾಮ್ ಹೆಸರಿಗೆ ಒಟ್ಟಿಗೆ 10 ವರ್ಷದ ತನಕ ಕಟ್ಟಬಹುದು. ನಾನು 10 ವರ್ಷಕ್ಕೆ ಕಟ್ಟುವುದೆಂದಾಗ ಭಾವ ಒಮ್ಮೆ ಕೋಣೆಗಳ ಕಡೆ, ಒಮ್ಮೆ ಕಡಲಿನ ಕಡೆ ನೋಡಿ, "ಐದಕ್ಕೆ ಸಾಕು, ಆಮೇಲೆ ನೋಡುವ" ಎಂದರು. ಐದಕ್ಕೇ ಕಟ್ಟಿದ್ದೇವೆ. ರಶೀದಿ ಜಾಗದ ಆರ್‌ಟಿಸಿ ಇರುವ ಫೈಲಿನಲ್ಲೇ ಇದೆ.